ಸಭೆಯ ನಾಯಕರಲ್ಲಿ ಇರಬೇಕಾದ ಗುಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಭೆಯನ್ನು ನಡೆಸುವ ಹಿರಿಯರನ್ನೋ ಸಹಾಯ ಹಂಚುವ ಸಭಾಸೇವಕರನ್ನೋ ಆರಿಸುವ ಹೊತ್ತು ಬಂದಾಗ ಕ್ರೈಸ್ತ ಸಭೆಗಳಲ್ಲಿ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಆಯ್ಕೆ ಸಮಿತಿಯಲ್ಲಿ ಕೂತವರು, ತಮ್ಮ ಹೆಸರು ಪ್ರಸ್ತಾಪವಾಗಿದೆ ಎಂದು ತಿಳಿದು ಅಳುಕುತ್ತಿರುವವರು, ನಾಯಕರ ನಡತೆಯಿಂದ ನೊಂದವರು, ಮೂವರಿಗೂ ಇದು ಬೇಕಾಗುತ್ತದೆ. ಅಧ್ಯಾಯ, ವಚನಗಳನ್ನು ಕೊಟ್ಟಿದ್ದೇವೆ. ಬೈಬಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿದರೆ ಒಳ್ಳೆಯದು.

ಈ ಗುಣಗಳ ಪಟ್ಟಿ ಬೈಬಲಿನಲ್ಲಿ ಎಲ್ಲಿದೆ?

ಮುಖ್ಯವಾಗಿ ಎರಡು ಕಡೆ: 1 ತಿಮೊಥೆಯ 3:1–13 ಮತ್ತು ತೀತ 1:5–9. ಮೊದಲನೆಯದು ಅಪೊಸ್ತಲ ಪೌಲನಿಂದ ಎಫೆಸದಲ್ಲಿದ್ದ ತಿಮೊಥೆಯನಿಗೆ ಬಂದದ್ದು, ಎರಡನೆಯದು ಕ್ರೇತ ದ್ವೀಪದಲ್ಲಿದ್ದ ತೀತನಿಗೆ. ಇವುಗಳ ಜೊತೆಗೆ 1 ಪೇತ್ರ 5:1–4, ಎಫೆಸದ ಹಿರಿಯರಿಗೆ ಪೌಲ ಹೇಳಿದ ವಿದಾಯದ ಮಾತು (ಅಪೊಸ್ತಲರ ಕೃತ್ಯಗಳು 20:17–38), ಸಹಾಯದ ಹಂಚಿಕೆಗೆ ಏಳು ಮಂದಿಯನ್ನು ಆರಿಸಿದ ಸಂದರ್ಭ (ಅ.ಕೃ. 6:1–6), 2 ತಿಮೊಥೆಯ 2:24–26 ಇವನ್ನೂ ಓದಬೇಕು. ಹಳೆಯ ಒಡಂಬಡಿಕೆಯಲ್ಲಿ ಇತ್ರೋ ತನ್ನ ಅಳಿಯ ಮೋಶೆಗೆ ಕೊಟ್ಟ ಸಲಹೆ (ವಿಮೋಚನಕಾಂಡ 18:21) ಇದರ ಬೇರು. ಸಮರ್ಥರು, ದೇವಭಯವುಳ್ಳವರು, ನಂಬಿಗಸ್ತರು, ಲಂಚವನ್ನು ಹಗೆಮಾಡುವವರು ಬೇಕು ಎಂದು ಅವನು ನಾಲ್ಕೇ ಮಾತಿನಲ್ಲಿ ಮುಗಿಸಿದ. ಯೆಹೆಜ್ಕೇಲ 34 ಇದರ ಮತ್ತೊಂದು ಮುಖ. ಕುರಿಗಳನ್ನು ಮೇಯಿಸದೆ ತಮ್ಮ ಹೊಟ್ಟೆಯನ್ನೇ ಹೊರೆದುಕೊಂಡ ಕುರುಬರ ಮೇಲೆ ದೇವರು ಹೊರಿಸಿದ ದೋಷಾರೋಪ ಅಲ್ಲಿದೆ.

ಪಟ್ಟಿಯನ್ನು ಒಮ್ಮೆ ಬೆರಳು ಮಡಿಚಿ ಎಣಿಸಿ. 1 ತಿಮೊಥೆಯ 3:2–7ರಲ್ಲಿ ಸಭಾಧ್ಯಕ್ಷನ ಬಗ್ಗೆ ಸುಮಾರು 15 ಅಂಶಗಳಿವೆ. ಅವುಗಳಲ್ಲಿ ‘ಬೋಧಿಸುವುದರಲ್ಲಿ ಪ್ರವೀಣ’ ಎಂಬುದು ಸಾಮರ್ಥ್ಯದ ಮಾತು. ಮನೆ ನಡೆಸುವುದನ್ನೂ ಸೇರಿಸಿದರೆ ಎರಡಾಯಿತು. ಮಿಕ್ಕಿದ್ದೆಲ್ಲ ನಡತೆ, ಅದೂ ಮನೆಯವರಿಗೆ, ನೆರೆಯವರಿಗೆ, ಜೊತೆಯಲ್ಲಿ ದುಡಿಯುವವರಿಗೆ ಕಣ್ಣಿಗೆ ಕಾಣುವ ನಡತೆ. ಆಯ್ಕೆಯ ಸಭೆಗಳಲ್ಲಿ ಮಾತು ಮಾತ್ರ ‘ಪ್ರಸಂಗ ಚೆನ್ನಾಗಿ ಮಾಡುತ್ತಾರೆ, ಜನ ಸೇರಿಸುತ್ತಾರೆ’ ಎಂಬಲ್ಲೇ ಗಿರಕಿ ಹೊಡೆಯುತ್ತದೆ. ಮುಂದೆ ಬರುವ ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲಿಯೇ.

ಸಭಾಧ್ಯಕ್ಷ, ಹಿರಿಯ, ಸಭಾಪಾಲಕ: ಇವರೆಲ್ಲ ಬೇರೆ ಬೇರೆಯೋ ಒಬ್ಬರೋ?

ಹೊಸ ಒಡಂಬಡಿಕೆಯಲ್ಲಿ ಹಿರಿಯ ಮತ್ತು ಸಭಾಧ್ಯಕ್ಷ ಎಂಬ ಹೆಸರುಗಳು ಒಬ್ಬರಿಗೇ ಸಲ್ಲುವುದನ್ನು ಕಾಣುತ್ತೇವೆ. ತೀತ 1:5ರಲ್ಲಿ ‘ಹಿರಿಯರು’ ಎಂದು ಶುರುವಾದ ಮಾತು 7ನೇ ವಚನದಲ್ಲಿ ‘ಸಭಾಧ್ಯಕ್ಷ’ ಎಂದು ಮುಂದುವರಿಯುತ್ತದೆ. ಅ.ಕೃ. 20:17ರಲ್ಲಿ ಕರೆಸಿದ ಹಿರಿಯರನ್ನೇ 28ನೇ ವಚನ ಅಧ್ಯಕ್ಷರು ಎನ್ನುತ್ತದೆ, ಮಂದೆಯನ್ನು ಪಾಲಿಸಬೇಕೆಂದೂ ಹೇಳುತ್ತದೆ. 2ನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನೇಷಿಯಸ್ ಬರೆದ ಪತ್ರಗಳ ಹೊತ್ತಿಗೆ ಒಬ್ಬ ಬಿಷಪ್, ಅವರ ಕೈಕೆಳಗೆ ಹಿರಿಯರು, ಆಮೇಲೆ ಸಭಾಸೇವಕರು ಎಂಬ ಮೂರು ಹಂತಗಳು ಕಾಣತೊಡಗುತ್ತವೆ. ಕ್ಯಾಥೊಲಿಕ್, ಆರ್ಥಡಾಕ್ಸ್, ಆಂಗ್ಲಿಕನ್ ಸಭೆಗಳು ಇಂದಿಗೂ ಈ ಮೂರನ್ನು ಉಳಿಸಿಕೊಂಡಿವೆ. ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್ ಮೊದಲಾದ ಸಭೆಗಳ ಏರ್ಪಾಟು ಬೇರೆ. ಹೆಸರು ಯಾವುದೇ ಇರಲಿ, ಗುಣಗಳ ಅಳತೆಗೋಲು ಬದಲಾಗುವುದಿಲ್ಲ.

‘ನಿಂದಾರಹಿತ’ ಎಂದರೆ ಪಾಪವನ್ನೇ ಮಾಡದವನೇ?

ಅಲ್ಲ. ಹಾಗಿದ್ದರೆ ಯಾರೂ ಉಳಿಯುವುದಿಲ್ಲ. ಮೂಲದ ಗ್ರೀಕ್ ಪದಕ್ಕೆ ‘ಹಿಡಿಯಲು ಎಡೆ ಕೊಡದವನು’ ಎಂಬ ಭಾವವಿದೆ. ಯಾರಾದರೂ ದೂರಿದರೆ ಆ ದೂರು ಅವನಿಗೆ ಅಂಟಿಕೊಳ್ಳುವಂಥ ಜಾಗ ಅವನ ಬದುಕಿನಲ್ಲಿ ಇರಬಾರದು. ಸುಳ್ಳು ಆರೋಪ ಯೇಸುವಿನ ಮೇಲೂ ಬಂತು, ಪೌಲನ ಮೇಲೂ ಬಂತು. ಆರೋಪ ಬಂದಿತು ಎಂಬುದಷ್ಟೇ ಅನರ್ಹತೆಯಲ್ಲ. ವಿಚಾರಿಸಿದಾಗ ಅದು ನಿಲ್ಲುತ್ತದೆಯೋ ಬಿದ್ದುಹೋಗುತ್ತದೆಯೋ ಎಂಬುದನ್ನು ನೋಡಬೇಕು.

ಈ ಪದ ಪಟ್ಟಿಯ ತಲೆಯಲ್ಲೇ ಇರುವುದಕ್ಕೆ ಕಾರಣವಿದೆ. ಆಮೇಲೆ ಬರುವುದೆಲ್ಲ ಅದರ ಬಿಡಿ ವಿವರ: ದಾಂಪತ್ಯದಲ್ಲಿ ನಿಂದಾರಹಿತ, ನಾಲಿಗೆಯಲ್ಲಿ ನಿಂದಾರಹಿತ, ಹಣದಲ್ಲಿ ನಿಂದಾರಹಿತ.

ನಂಬಿಕೆಗೆ ಬರುವ ಮುಂಚಿನ ಬದುಕಿನ ಬಗ್ಗೆ ಹಲವರು ಕೇಳುತ್ತಾರೆ. ಪೌಲ ತಾನು ಮೊದಲು ದೂಷಕನೂ ಹಿಂಸಕನೂ ಆಗಿದ್ದೆನೆಂದು ಬರೆದುಕೊಂಡಿದ್ದಾನೆ (1 ತಿಮೊಥೆಯ 1:13). ಹಳೆಯ ತಪ್ಪು ಬಾಗಿಲು ಮುಚ್ಚುವುದಿಲ್ಲ, ಅದನ್ನು ಮುಚ್ಚಿಟ್ಟರೆ ಬಾಗಿಲು ಮುಚ್ಚುತ್ತದೆ. ಹಳೆಯ ಮೊಕದ್ದಮೆ, ತೀರಿಸದ ಸಾಲ, ಹಿಂದಿನ ಸಭೆಯಿಂದ ಶಿಸ್ತುಕ್ರಮ ಏನಿದ್ದರೂ ಅಭ್ಯರ್ಥಿಯೇ ಮೊದಲು ಹೇಳಬೇಕು. ಮೂರನೆಯವರ ಬಾಯಿಂದ ಬಂದರೆ ಅದೇ ಹೊಸ ದೂರಾಗುತ್ತದೆ. ಒಂದು ಎಚ್ಚರಿಕೆ: ಮಕ್ಕಳ ಮೇಲೆ ಅಥವಾ ಅಸಹಾಯಕರ ಮೇಲೆ ನಡೆಸಿದ ದೌರ್ಜನ್ಯ ಈ ‘ಹಳೆಯ ತಪ್ಪು’ ಎಂಬ ಸಾಲಿಗೆ ಸೇರುವುದಿಲ್ಲ. ಅಂಥವರನ್ನು ಎಷ್ಟು ವರ್ಷವಾದರೂ ಮಂದೆಯ ಮೇಲೆ ನೇಮಿಸಬಾರದು.

‘ಏಕಪತ್ನಿಯುಳ್ಳವನು’ ಎಂಬುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಮದುವೆಯಾಗದವರು, ವಿಧುರರು, ವಿಚ್ಛೇದಿತರು ನಾಯಕರಾಗಬಹುದೇ?

ಗ್ರೀಕ್‌ನಲ್ಲಿ ಇದು ಮೂರೇ ಪದ: ಒಬ್ಬಳೇ ಹೆಂಗಸಿನ ಗಂಡಸು. ಇದನ್ನು ನಾಲ್ಕು ಬಗೆಯಲ್ಲಿ ಓದಿದವರಿದ್ದಾರೆ. ಏಕಕಾಲಕ್ಕೆ ಇಬ್ಬರು ಹೆಂಡಂದಿರು ಇರಬಾರದು ಎಂಬುದು ಒಂದು. ಹೆಂಡತಿ ತೀರಿಕೊಂಡ ಮೇಲೂ ಮರುಮದುವೆ ಕೂಡದು ಎಂಬುದು ಎರಡನೆಯದು. ಆದಿಸಭೆಯಲ್ಲಿ ಹಲವರು ಹೀಗೇ ಓದಿದರು. ವಿಚ್ಛೇದನದ ನಂತರ ಮರುಮದುವೆಯಾದವರನ್ನು ಹೊರಗಿಡುವುದು ಮೂರನೆಯದು. ಮನಸ್ಸಿನಲ್ಲೂ ನಡೆಯಲ್ಲೂ ತನ್ನ ಹೆಂಡತಿಗೆ ನಿಷ್ಠನಾಗಿರುವವನು ಎಂಬುದು ನಾಲ್ಕನೆಯದು. 1 ತಿಮೊಥೆಯ 5:9ರಲ್ಲಿ ವಿಧವೆಯರ ಬಗ್ಗೆ ಇದೇ ಮಾತು ತಿರುಗಿಸಿ ಬರುತ್ತದೆ. ಅದೇ ಅಧ್ಯಾಯದ 14ನೇ ವಚನದಲ್ಲಿ ಎಳೆಯ ವಿಧವೆಯರು ಮರುಮದುವೆಯಾಗಲಿ ಎಂದು ಪೌಲನೇ ಹೇಳುತ್ತಾನೆ. ಆದ್ದರಿಂದ ನಾಲ್ಕನೆಯ ಓದು ಹೆಚ್ಚು ಹೊಂದುತ್ತದೆ ಎಂದು ನಮ್ಮ ತಿಳಿವಳಿಕೆ.

ಪೌಲನಿಗೆ ಹೆಂಡತಿ ಇರಲಿಲ್ಲ (1 ಕೊರಿಂಥ 7:7–8). ಹಾಗಾಗಿ ಮದುವೆ ಕಡ್ಡಾಯವೆಂದು ಈ ವಚನದಿಂದ ಹಿಂಡುವುದು ಸರಿಯಲ್ಲ. ಕ್ಯಾಥೊಲಿಕ್ ಸಭೆಯ ಲ್ಯಾಟಿನ್ ಪದ್ಧತಿಯಲ್ಲಿ ಯಾಜಕರು ಸಾಮಾನ್ಯವಾಗಿ ಬ್ರಹ್ಮಚಾರಿಗಳು. ಆರ್ಥಡಾಕ್ಸ್ ಸಭೆಯಲ್ಲಿ ಮದುವೆಯಾದವರು ಯಾಜಕರಾಗಬಹುದು, ಆದರೆ ದೀಕ್ಷೆಯ ನಂತರ ಮದುವೆಯಿಲ್ಲ, ಬಿಷಪರು ಅವಿವಾಹಿತರು. ವಿಚ್ಛೇದನದ ವಿಷಯದಲ್ಲಿ ಸಭೆಗಳ ನಿಯಮಗಳು ಬೇರೆ ಬೇರೆ. ನಿಮ್ಮ ಸಭೆಯ ನಿಯಮ ಏನೆಂದು ಹೆಸರುಗಳು ಬರುವ ಮೊದಲೇ ಬರೆದಿಡಿ. ಒಬ್ಬರ ಹೆಸರು ಮೇಜಿನ ಮೇಲೆ ಬಂದ ನಂತರ ನಿಯಮ ಹುಡುಕಿದರೆ ಅದು ಆ ವ್ಯಕ್ತಿಗೆ ಪರವಾಗಿಯೋ ವಿರೋಧವಾಗಿಯೋ ಮಾಡಿದ ನಿಯಮವಾಗುತ್ತದೆ.

ಮಕ್ಕಳು ನಂಬಿಕೆ ಬಿಟ್ಟರೆ ತಂದೆ ಹಿರಿಯನ ಸ್ಥಾನ ಬಿಡಬೇಕೇ?

ತೀತ 1:6ರ ಪದವನ್ನು ‘ನಂಬಿಕೆಯುಳ್ಳ ಮಕ್ಕಳು’ ಎಂದೂ ‘ನಂಬಿಗಸ್ತ ಮಕ್ಕಳು’ ಎಂದೂ ಓದಬಹುದು. 1 ತಿಮೊಥೆಯ 3:4 ಮನೆಯಲ್ಲಿ ತಂದೆಯ ಆರೈಕೆಯಲ್ಲಿರುವ ಮಕ್ಕಳನ್ನು ಕುರಿತದ್ದು. ಬೆಳೆದು ಬೇರೆ ಮನೆ ಮಾಡಿಕೊಂಡ ಮಗಳು ತನ್ನ ತೀರ್ಮಾನ ತಾನೇ ಮಾಡಿದರೆ ಅದನ್ನು ತಂದೆಯ ತಲೆಗೆ ಕಟ್ಟುವುದು ಕಷ್ಟ. ಆದರೆ ಯಾಜಕ ಏಲಿಯ ಉದಾಹರಣೆ ಮರೆಯಬಾರದು. ಅವನ ಮಕ್ಕಳು ಯಜ್ಞದ ಮಾಂಸವನ್ನು ಕಿತ್ತುಕೊಳ್ಳುತ್ತಿದ್ದುದು ಅವನಿಗೆ ಗೊತ್ತಿತ್ತು, ಗದರಿಸಿದ, ತಡೆಯಲಿಲ್ಲ (1 ಸಮುವೇಲ 2:12–25, 3:13). ಹಾಗಾಗಿ ‘ಮಗ ಏನಾದ?’ ಎನ್ನುವುದಕ್ಕಿಂತ ‘ತಂದೆ ಏನು ಮಾಡಿದ?’ ಎಂದು ಕೇಳುವುದು ನ್ಯಾಯ. ಹೊಡೆದು ಬಡಿದು ಅಡಗಿಸಿದ ಮನೆಯೂ ‘ಚೆನ್ನಾಗಿ ನಡೆಸಿದ’ ಮನೆಯಲ್ಲ. 1 ತಿಮೊಥೆಯ 3:5ರಲ್ಲಿ ಸಭೆಯ ಕುರಿತು ಬರುವ ಕ್ರಿಯಾಪದ ‘ಆಳು’ ಅಲ್ಲ, ‘ಪರಾಮರಿಸು’. ದಾರಿಯಲ್ಲಿ ಬಿದ್ದವನನ್ನು ಸಮಾರ್ಯದವನು ಆರೈಕೆ ಮಾಡಿದ್ದಕ್ಕೆ ಲೂಕ 10:34ರಲ್ಲಿ ಬರುವುದೂ ಅದೇ ಪದ.

ಅತಿಥಿಸತ್ಕಾರ ಅಷ್ಟು ಮುಖ್ಯವೇ?

ಎರಡೂ ಪಟ್ಟಿಗಳಲ್ಲಿ ಇದೆ. ಪದದ ಅರ್ಥ ಅಪರಿಚಿತರನ್ನು ಪ್ರೀತಿಸುವವನು. ಸಭೆಗಳು ಮನೆಗಳಲ್ಲೇ ಸೇರುತ್ತಿದ್ದ, ಪ್ರಯಾಣದ ಬೋಧಕರು ವಿಶ್ವಾಸಿಗಳ ಮನೆಯಲ್ಲೇ ಉಳಿಯುತ್ತಿದ್ದ ಕಾಲ ಅದು. ಇಂದು ದೊಡ್ಡ ಮನೆ ಬೇಕಿಲ್ಲ. ಆರಾಧನೆ ಮುಗಿದ ಮೇಲೆ ಈ ಮನುಷ್ಯ ಯಾರ ಹತ್ತಿರ ಹೋಗಿ ಮಾತಾಡುತ್ತಾನೆ, ಅನುಕೂಲಸ್ಥರ ಹತ್ತಿರವೋ ಮೂಲೆಯಲ್ಲಿ ಒಂಟಿಯಾಗಿ ನಿಂತ ಹೊಸಬರ ಹತ್ತಿರವೋ ಎಂದು ನಾಲ್ಕು ವಾರ ಗಮನಿಸಿ. ಯಾಕೋಬ 2:1–4 ಓದಿದವರಿಗೆ ಇದರ ತೂಕ ತಿಳಿಯುತ್ತದೆ.

ಮದ್ಯದ ವಿಷಯದಲ್ಲಿ ನಿಯಮವೇನು?

ಪಟ್ಟಿ ಹೇಳುವುದು ಮದ್ಯಾಸಕ್ತನಾಗಿರಬಾರದು ಎಂದು. ಕೆಲವು ಸಭೆಗಳು ಪೂರ್ತಿ ವರ್ಜಿಸಬೇಕು ಎನ್ನುತ್ತವೆ, ಕೆಲವು ಮಿತವನ್ನು ಒಪ್ಪುತ್ತವೆ. ಕುಡಿತವನ್ನು ಗುಟ್ಟಾಗಿಡುವವರ ಬಗ್ಗೆ ಮಾತ್ರ ಎಲ್ಲ ಸಭೆಗಳಿಗೂ ಒಂದೇ ಉತ್ತರವಿದೆ: ಬೇಡ. ಮಾತ್ರೆ, ಜೂಜು, ಅಶ್ಲೀಲ ದೃಶ್ಯಗಳ ಚಟಕ್ಕೂ ಇದನ್ನೇ ಅನ್ವಯಿಸಬೇಕು, ಏಕೆಂದರೆ ಅದೇ ಪಟ್ಟಿ ಕೇಳುವ ‘ಜಿತೇಂದ್ರಿಯ’ ಎಂಬ ಗುಣ ಎಲ್ಲ ಚಟಗಳನ್ನೂ ಮುಟ್ಟುತ್ತದೆ.

ಸ್ವಲ್ಪ ಗಡಸು ಸ್ವಭಾವ ಇದ್ದರೆ ತಪ್ಪೇನು? ನಾಯಕ ಅಂದಮೇಲೆ ಗಟ್ಟಿಯಾಗಿರಬೇಡವೇ?

ಗಟ್ಟಿತನ ಬೇರೆ, ಗದರುವಿಕೆ ಬೇರೆ. ಹೊಡೆದಾಡುವವನಲ್ಲ, ಸಾತ್ವಿಕ, ಜಗಳಗಂಟನಲ್ಲ ಎಂದು 1 ತಿಮೊಥೆಯ 3:3 ಹೇಳುತ್ತದೆ. ತೀತ 1:7 ಮುಂಗೋಪಿಯಲ್ಲ, ಸ್ವೇಚ್ಛಾಪರನಲ್ಲ ಎನ್ನುತ್ತದೆ. ಒಂದೇ ವಿಷಯವನ್ನು ಎರಡು ಪತ್ರಗಳಲ್ಲಿ ಐದು ಪದಗಳಿಂದ ಹೇಳಿರುವುದನ್ನು ನೋಡಿದರೆ, ಸಭೆಗಳನ್ನು ಒಳಗಿನಿಂದ ಮುರಿಯುವುದು ಏನೆಂದು ಬರೆದವನಿಗೆ ಚೆನ್ನಾಗಿ ಗೊತ್ತಿತ್ತು ಎನಿಸುತ್ತದೆ. ಮಂದೆಯ ಮೇಲೆ ದೊರೆತನ ಮಾಡಬೇಡಿ, ಮಾದರಿಯಾಗಿರಿ ಎಂದು ಪೇತ್ರನೂ ಬರೆದ (1 ಪೇತ್ರ 5:3). ಅದಕ್ಕೂ ಮೊದಲು ಯೇಸುವೇ, ಅನ್ಯಜನಗಳ ಅಧಿಪತಿಗಳು ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ಹಾಗಿರಬಾರದು ಎಂದು ಹೇಳಿದ್ದ (ಮತ್ತಾಯ 20:25–28).

ದೊರೆತನ ಕೈ ಎತ್ತುವುದರಿಂದಲೇ ಶುರುವಾಗುವುದಿಲ್ಲ. ಅದಕ್ಕೆ ಮುಂಚಿನ ಗುರುತುಗಳಿವೆ. ಪ್ರಶ್ನೆ ಕೇಳಿದವರನ್ನು ‘ದೇವರ ಅಭಿಷಿಕ್ತನ ವಿರುದ್ಧ ನಿಂತವರು’ ಎನ್ನುವುದು. ಭಿನ್ನಾಭಿಪ್ರಾಯ ಹೇಳಿದವರ ಹೆಸರು ಮುಂದಿನ ಪ್ರಸಂಗದಲ್ಲಿ ಸುಳಿವಾಗಿ ಬರುವುದು. ಜೊತೆಗಾರರು ಎರಡು ಮೂರು ವರ್ಷಕ್ಕಿಂತ ಹೆಚ್ಚು ನಿಲ್ಲದಿರುವುದು. ಕ್ಷಮೆ ಕೇಳಿದರೂ ‘ನಿಮಗೆ ನೋವಾಗಿದ್ದರೆ’ ಎಂದು ಷರತ್ತು ಹಾಕುವುದು. ಮೂರನೆಯ ಯೋಹಾನನ ಪತ್ರದ ದಿಯೊತ್ರೇಫನನ್ನು ಓದಿ: ಮೊದಲನೆಯವನಾಗಿರಲು ಆಸೆ, ಹೊರಗಿನ ಸಲಹೆಗೆ ತಿರಸ್ಕಾರ, ಕೆಟ್ಟ ಮಾತು, ಬಂದ ಸಹೋದರರನ್ನು ಸೇರಿಸಿಕೊಳ್ಳದಿರುವುದು, ಸೇರಿಸಿಕೊಂಡವರನ್ನು ಹೊರಗಟ್ಟುವುದು. ಎರಡೇ ವಚನಗಳಲ್ಲಿ (9–10) ಇಡೀ ರೋಗದ ಲಕ್ಷಣಗಳು ಅದೇ ಕ್ರಮದಲ್ಲಿವೆ.

ಗಟ್ಟಿತನ ಬೇಕಾಗುವ ಜಾಗವೂ ಇದೆ. ತಪ್ಪು ಬೋಧನೆಯನ್ನು ಎದುರಿಸುವುದು ಹಿರಿಯನ ಕೆಲಸ (ತೀತ 1:9). ಅದನ್ನೂ ಎದುರಾಳಿಯನ್ನು ಸೌಮ್ಯವಾಗಿ ತಿದ್ದುತ್ತಾ ಮಾಡಬೇಕೆಂದು 2 ತಿಮೊಥೆಯ 2:25 ಹೇಳುತ್ತದೆ. ಯಾರಿಗೂ ಬೇಸರವಾಗದಿರಲಿ ಎಂದು ಸುಮ್ಮನಿರುವವನು ಸಾತ್ವಿಕನಲ್ಲ, ಅವನಿಂದಲೂ ಮಂದೆಗೆ ರಕ್ಷಣೆಯಿಲ್ಲ.

ಹಣದ ವಿಷಯದಲ್ಲಿ ಏನನ್ನು ನೋಡಬೇಕು?

ದ್ರವ್ಯಾಶೆಯಿಲ್ಲದವನು ಎಂದರೆ ಬಡವನೆಂದಲ್ಲ, ಸಂಬಳ ಪಡೆಯದವನೆಂದೂ ಅಲ್ಲ. ಬೋಧನೆಯಲ್ಲಿ ಕಷ್ಟಪಡುವ ಹಿರಿಯರು ಕೂಲಿಗೆ ಯೋಗ್ಯರೆಂದು 1 ತಿಮೊಥೆಯ 5:17–18 ಸ್ಪಷ್ಟವಾಗಿ ಹೇಳುತ್ತದೆ. ಸಭಾಪಾಲಕನಿಗೆ ಬದುಕಲಾಗದಷ್ಟು ಕಡಿಮೆ ಕೊಟ್ಟು ಅವನ ನಿಸ್ಪೃಹತೆಯನ್ನು ಹೊಗಳುವುದು ಅನ್ಯಾಯ. ಅದೇ ಅವನನ್ನು ಸಾಲಕ್ಕೂ ದಾನಿಗಳ ಹಂಗಿಗೂ ತಳ್ಳುತ್ತದೆ.

ಈ ಬಲೆ ಹಳೆಯದು. ಸ್ಮುರ್ನದ ಬಿಷಪ್ ಪೊಲಿಕಾರ್ಪ 2ನೇ ಶತಮಾನದಲ್ಲಿ ಫಿಲಿಪ್ಪಿಯ ಸಭೆಗೆ ಬರೆದ ಪತ್ರದಲ್ಲಿ, ಅಲ್ಲಿ ಹಿರಿಯನಾಗಿದ್ದ ವಾಲೆನ್ಸ್ ಎಂಬವನು ತನ್ನ ಸ್ಥಾನವನ್ನು ಮರೆತದ್ದಕ್ಕೆ ದುಃಖಪಡುತ್ತಾನೆ, ದ್ರವ್ಯಾಶೆಯಿಂದ ದೂರವಿರಿ ಎಂದು ಎಚ್ಚರಿಸುತ್ತಾನೆ. ಅವನನ್ನೂ ಅವನ ಹೆಂಡತಿಯನ್ನೂ ಶತ್ರುಗಳೆಂದು ಎಣಿಸದೆ ದಾರಿತಪ್ಪಿದ ಅಂಗಗಳೆಂದು ಮರಳಿ ಕರೆಯಿರಿ ಎಂದೂ ಅದರಲ್ಲೇ ಬರೆದಿದ್ದಾನೆ. ಹುದ್ದೆಯನ್ನೇ ಹಣಕ್ಕೆ ಕೊಡುವ ಚಾಳಿಯೂ ಬಂತು. 451ರ ಕಲ್ಸೆದೋನ್ ಮಹಾಸಭೆ ತನ್ನ 2ನೇ ನಿಯಮದಲ್ಲಿ ಹಣ ಪಡೆದು ದೀಕ್ಷೆ ಕೊಡುವುದನ್ನು ನಿಷೇಧಿಸಿ, ಕೊಟ್ಟವರೂ ಪಡೆದವರೂ ಸ್ಥಾನ ಕಳೆದುಕೊಳ್ಳಬೇಕು ಎಂದಿತು.

ಗುಣವನ್ನು ನೋಡುವುದರ ಜೊತೆಗೆ, ಒಳ್ಳೆಯ ಗುಣದವನಿಗೂ ಪ್ರಲೋಭನೆ ಬಾರದಂತೆ ಏರ್ಪಾಟು ಮಾಡಬೇಕು. ಕಾಣಿಕೆಯನ್ನು ಸಂಬಂಧಿಕರಲ್ಲದ ಇಬ್ಬರು ಅದೇ ದಿನ, ಅದೇ ಜಾಗದಲ್ಲಿ ಎಣಿಸಿ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಇಬ್ಬರೂ ಸಹಿ ಹಾಕಲಿ. ಎಣಿಸಿದವರೇ ಲೆಕ್ಕ ಬರೆಯುವವರಾಗಬಾರದು. ಖಾತೆಯಿಂದ ಹಣ ತೆಗೆಯಲು ಎರಡು ಸಹಿ ಬೇಕು, ಅವೆರಡೂ ಒಂದೇ ಮನೆಯವಾಗಿರಬಾರದು. ಸಭಾಪಾಲಕನ ಸಂಬಳವನ್ನು ಅವನು ಹೊರಗಿದ್ದಾಗ ಉಳಿದವರು ತೀರ್ಮಾನಿಸಲಿ. ಲೆಕ್ಕವನ್ನು ವರ್ಷಕ್ಕೊಮ್ಮೆ ಹೊರಗಿನವರು ಪರಿಶೀಲಿಸಲಿ, ಸಭೆಯ ಮುಂದೆ ಓದಲಿ. ಪೌಲ ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ದೊಡ್ಡ ಮೊತ್ತವನ್ನು ಸಾಗಿಸುವಾಗ ಸಭೆಗಳೇ ನೇಮಿಸಿದವರನ್ನು ಜೊತೆಗೆ ಸೇರಿಸಿಕೊಂಡ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕಾರಣ ಕೊಟ್ಟ (2 ಕೊರಿಂಥ 8:18–21). ಅಪೊಸ್ತಲನೇ ಹೀಗೆ ಮಾಡಿದ ಮೇಲೆ ‘ನನ್ನ ಮೇಲೆ ನಂಬಿಕೆಯಿಲ್ಲವೇ?’ ಎಂದು ಲೆಕ್ಕ ತೋರಿಸಲು ಮುನಿಯುವ ನಾಯಕನಿಗೆ ಆಧಾರವೇ ಇಲ್ಲ.

ಬೋಧನಾ ಸಾಮರ್ಥ್ಯ ಅಂದರೆ ವೇದಿಕೆಯ ಮಾತುಗಾರಿಕೆಯೇ?

ಅಷ್ಟೇ ಅಲ್ಲ. ವಾಕ್ಯವನ್ನು ಬಲ್ಲವನಾಗಿ, ಎದುರಿಗೆ ಕೂತ ಒಬ್ಬರಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿ, ತಪ್ಪನ್ನು ತಪ್ಪೆಂದು ತೋರಿಸಬಲ್ಲವನು ಸಾಕು. ಬೋಧಕರಿಗೆ ಕಠಿಣವಾದ ತೀರ್ಪಿದೆ ಎಂಬ ಯಾಕೋಬ 3:1ನ್ನು ಭಾರವಾಗಿ ಎಣಿಸುವವರೇ ಇದಕ್ಕೆ ತಕ್ಕವರು.

‘ಹೊಸದಾಗಿ ಸೇರಿದವನಾಗಿರಬಾರದು’ ಎಂದರೆ ಎಷ್ಟು ವರ್ಷ ಕಾಯಬೇಕು?

ಬೈಬಲ್ ಸಂಖ್ಯೆ ಕೊಡುವುದಿಲ್ಲ. ಮೂಲಪದದ ಅರ್ಥ ‘ಹೊಸದಾಗಿ ನೆಟ್ಟದ್ದು’. ಬೇರು ಇಳಿಯದ ಸಸಿಗೆ ಭಾರ ಕಟ್ಟಿದರೆ ಏನಾಗುತ್ತದೆ ಎಂಬುದು ರೈತನಿಗೆ ಗೊತ್ತು. ಕಾರಣವನ್ನೂ ಪೌಲ ಕೊಟ್ಟಿದ್ದಾನೆ: ಉಬ್ಬಿಕೊಂಡು ಬಿದ್ದಾನು. ಈ ಷರತ್ತು ತೀತನ ಪಟ್ಟಿಯಲ್ಲಿ ಇಲ್ಲ. ಕ್ರೇತದಲ್ಲಿ ಎಲ್ಲರೂ ಹೊಸಬರೇ ಆಗಿದ್ದಿರಬೇಕು. ಎಫೆಸದಲ್ಲಾದರೋ ವರ್ಷಗಳ ಹಿಂದೆಯೇ ಪೌಲ ಮೂರು ವರ್ಷ ಇದ್ದು ಕಲಿಸಿದ್ದ.

ಆದಿಸಭೆಯಲ್ಲಿ ಈ ನಿಯಮ ಮುರಿಯುತ್ತಲೇ ಇತ್ತು. 325ರ ನೈಸಿಯಾ ಮಹಾಸಭೆಯ 2ನೇ ನಿಯಮ, ಈಗಷ್ಟೇ ದೀಕ್ಷಾಸ್ನಾನ ಪಡೆದವರನ್ನು ಕೂಡಲೇ ಹಿರಿಯರನ್ನಾಗಿ, ಬಿಷಪರನ್ನಾಗಿ ಮಾಡುತ್ತಿದ್ದುದನ್ನು ತಡೆಯಲೆಂದೇ ಬಂತು. ಆದರೂ 374ರಲ್ಲಿ ಮಿಲಾನಿನ ಜನ ದೀಕ್ಷಾಸ್ನಾನವನ್ನೂ ಪಡೆಯದಿದ್ದ ರಾಜ್ಯಾಧಿಕಾರಿ ಆಂಬ್ರೋಸನನ್ನು ಆರಿಸಿದರು, ಕೆಲವೇ ದಿನಗಳಲ್ಲಿ ಅವನು ಬಿಷಪನಾದ, ಮಹಾನ್ ಬಿಷಪನೇ ಆದ. ಅವಸರಪಡುವ ಸಭೆಗಳು ಅವನ ಹೆಸರನ್ನು ಎತ್ತುತ್ತವೆ. ಅವನು ಅಪವಾದ. ಅಪವಾದವನ್ನು ನಂಬಿ ನೇಮಕ ಮಾಡಬಾರದು.

ಕನಿಷ್ಠ ಒಂದು ಪೂರ್ತಿ ವರ್ಷವಾದರೂ ಆ ವ್ಯಕ್ತಿ ನಿಮ್ಮ ಸಭೆಯಲ್ಲಿ ಸಾಮಾನ್ಯ ಸದಸ್ಯನಾಗಿ ಇದ್ದುದನ್ನು ನೋಡಿರಬೇಕು ಎಂದು ನಾವು ಹೇಳುತ್ತೇವೆ. ಆ ಅವಧಿಯಲ್ಲಿ ಒಮ್ಮೆಯಾದರೂ ಅವನ ಸಲಹೆಯನ್ನು ತಳ್ಳಿಹಾಕಿರಬೇಕು, ಅವನು ಹೇಗೆ ತೆಗೆದುಕೊಂಡ ಎಂಬುದು ಕಂಡಿರಬೇಕು. ವಯಸ್ಸು ಬೇರೆ ವಿಷಯ. ತಿಮೊಥೆಯ ಚಿಕ್ಕವನೇ ಆಗಿದ್ದ (1 ತಿಮೊಥೆಯ 4:12). ಕ್ಯಾಥೊಲಿಕ್ ಸಭೆಯ 1983ರ ನಿಯಮಸಂಹಿತೆಯಂತೆ ಯಾಜಕನಿಗೆ 25, ಬಿಷಪನಿಗೆ 35 ವರ್ಷ ತುಂಬಿರಬೇಕು, ಬಿಷಪನಾಗುವವನು ಕನಿಷ್ಠ 5 ವರ್ಷ ಯಾಜಕನಾಗಿರಬೇಕು.

ಹೊರಗಿನವರ ಅಭಿಪ್ರಾಯ ಏಕೆ ಬೇಕು? ಅವರಿಗೆ ಸಭೆಯ ವಿಷಯ ಏನು ಗೊತ್ತು?

ಸಭೆಯ ವಿಷಯ ಗೊತ್ತಿಲ್ಲ, ಮನುಷ್ಯ ಗೊತ್ತು. ಭಾನುವಾರ ಎರಡು ಗಂಟೆ ನೋಡುವವರಿಗಿಂತ ವಾರದ ಆರು ದಿನ ಜೊತೆಯಲ್ಲಿ ಕೆಲಸ ಮಾಡುವವರಿಗೆ ಹೆಚ್ಚು ಗೊತ್ತು. ಅವನ ಕೈಕೆಳಗೆ ದುಡಿಯುವವರು, ಅವನಿಗೆ ಸಾಲ ಕೊಟ್ಟವರು, ಪಕ್ಕದ ಮನೆಯವರು ಏನು ಹೇಳುತ್ತಾರೆ ಕೇಳಿ.

ಸಭಾಸೇವಕರ ಪಟ್ಟಿಯಲ್ಲಿ ವ್ಯತ್ಯಾಸವೇನು?

ಬೋಧನಾ ಸಾಮರ್ಥ್ಯವನ್ನು ಕೇಳಿಲ್ಲ, ‘ಎರಡು ಮಾತಿನವರಾಗಿರಬಾರದು’ ಎಂದು ಸೇರಿಸಿದೆ (1 ತಿಮೊಥೆಯ 3:8). ಮನೆಮನೆಗೆ ಹೋಗಿ ಸಹಾಯ ಹಂಚುವವರಿಗೆ ಎಲ್ಲರ ಒಳಗುಟ್ಟೂ ಗೊತ್ತಾಗುತ್ತದೆ, ಇಲ್ಲಿ ಒಂದು ಅಲ್ಲಿ ಒಂದು ಆಡಿದರೆ ಸಭೆ ಒಡೆಯುತ್ತದೆ. ಕೈಯಲ್ಲಿ ಹಣ ಓಡಾಡುವುದರಿಂದ ನೀಚಲಾಭದ ಆಸೆಯ ಮಾತೂ ಇದೆ.

ಅ.ಕೃ. 6ನ್ನು ಓದುವಾಗ ಒಂದು ಸಂಗತಿ ಗಮನಕ್ಕೆ ಬಂದರೆ ಮತ್ತೆ ಮರೆಯುವುದಿಲ್ಲ. ದೂರಿದವರು ಗ್ರೀಕ್ ಮಾತಾಡುವ ಯೆಹೂದ್ಯರು, ತಮ್ಮ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗಿದೆ ಎಂದು. ಆರಿಸಿದ ಏಳು ಮಂದಿಯ ಹೆಸರುಗಳೂ, ಸ್ತೆಫನನಿಂದ ನಿಕೊಲಾಯನವರೆಗೆ, ಗ್ರೀಕ್ ಹೆಸರುಗಳೇ. ನೊಂದವರ ಕಡೆಯವರ ಕೈಗೇ ಹಂಚಿಕೆಯನ್ನು ಕೊಟ್ಟರು ಎಂದು ತೋರುತ್ತದೆ. ಇಂಥ ದೊಡ್ಡ ಮನಸ್ಸು ಇಂದಿನ ಆಯ್ಕೆ ಸಮಿತಿಗಳಿಗೆ ಬೇಕು.

ಈ ಗುಣಗಳು ಮಹಿಳೆಯರಿಗೂ ಅನ್ವಯಿಸುತ್ತವೆಯೇ?

1 ತಿಮೊಥೆಯ 3:11ರ ಪದ ‘ಹೆಂಡತಿಯರು’ ಎಂದೂ ಆಗುತ್ತದೆ, ‘ಸ್ತ್ರೀಯರು’ ಎಂದೂ ಆಗುತ್ತದೆ. ಸಭಾಸೇವಕರ ಹೆಂಡತಿಯರೋ ಸಭಾಸೇವಕಿಯರೋ ಎಂಬುದರಲ್ಲಿ ಒಮ್ಮತವಿಲ್ಲ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯ ಬಗ್ಗೆ ರೋಮಾ 16:1ರಲ್ಲಿ ಬರುವುದು ಸಭಾಸೇವಕರಿಗೆ ಬಳಸುವ ಅದೇ ಪದ. ಯಾವ ಹುದ್ದೆಗೆ ಮಹಿಳೆಯರನ್ನು ನೇಮಿಸಬಹುದು ಎಂಬುದರಲ್ಲಿ ಸಭೆಗಳು ಬೇರೆ ಬೇರೆ ದಾರಿ ಹಿಡಿದಿವೆ, ಅದನ್ನು ಈ ಪುಟದಲ್ಲಿ ಇತ್ಯರ್ಥ ಮಾಡಲಾಗದು. ಯಾವ ಜವಾಬ್ದಾರಿ ಕೊಟ್ಟರೂ ಅಳತೆ ಒಂದೇ. ಚಾಡಿ ಹೇಳಬಾರದು ಎಂಬುದನ್ನು ಹೆಂಗಸರಿಗೆ ಮಾತ್ರ ಬಿಗಿಯಾಗಿ ಹಿಡಿದು ಗಂಡಸರಿಗೆ ಸಡಿಲ ಬಿಡುವುದು ಪಟ್ಟಿಗೆ ಮಾಡುವ ಮೋಸ.

ಗುಣವನ್ನು ಪರೀಕ್ಷಿಸುವುದು ಹೇಗೆ? ಹೃದಯ ನೋಡುವವನು ದೇವರಲ್ಲವೇ?

ಹೃದಯವನ್ನು ದೇವರು ನೋಡುತ್ತಾನೆ, ನಡತೆಯನ್ನು ನೋಡುವ ಕೆಲಸ ಸಭೆಯದು. ‘ಇವರು ಮೊದಲು ಪರೀಕ್ಷಿಸಲ್ಪಡಲಿ’ ಎಂದು 1 ತಿಮೊಥೆಯ 3:10 ಆಜ್ಞೆಯನ್ನೇ ಕೊಡುತ್ತದೆ. ಸಭೆಗಳಿಗೆ ಉಪಯೋಗವಾಗುವ ಕ್ರಮ ಇದು:

1. ಹೆಸರು ಸೂಚಿಸುವವರು ಕಾರಣವನ್ನು ಬರೆದು ಕೊಡಲಿ. ‘ಒಳ್ಳೆಯವರು’ ಎಂದರೆ ಸಾಲದು, ಕಣ್ಣಾರೆ ಕಂಡ ಒಂದೆರಡು ನಡತೆಗಳನ್ನು ಬರೆಯಲಿ.

2. ಅಭ್ಯರ್ಥಿಗೆ ಎರಡೂ ಪಟ್ಟಿಗಳನ್ನು ಕೊಟ್ಟು, ಒಂದೊಂದರ ಎದುರೂ ತನ್ನ ಸ್ಥಿತಿಯನ್ನು ಬರೆಯಲು ಎರಡು ವಾರ ಬಿಡಿ. ಎಲ್ಲಕ್ಕೂ ‘ಇದೆ’ ಎಂದು ಬರೆದವರ ಬಗ್ಗೆ ಹೆಚ್ಚು ವಿಚಾರಿಸಿ.

3. ಹೆಂಡತಿ ಅಥವಾ ಗಂಡನೊಂದಿಗೆ ಪ್ರತ್ಯೇಕವಾಗಿ ಮಾತಾಡಿ. ಅಭ್ಯರ್ಥಿಯ ಎದುರಿಗೆ ಕೇಳಿದರೆ ಸಿಗುವುದು ಮರ್ಯಾದೆಯ ಉತ್ತರ. ‘ಮನೆಯಲ್ಲಿ ಇವರಿಗೆ ಬೇಡ ಎಂದರೆ ಏನಾಗುತ್ತದೆ?’, ‘ಕಳೆದ ಬಾರಿ ಇವರು ಕ್ಷಮೆ ಕೇಳಿದ್ದು ಯಾವಾಗ?’ ಈ ಎರಡು ಪ್ರಶ್ನೆಗಳು ಹತ್ತಕ್ಕೆ ಸಮ. ಉತ್ತರಿಸಿದವರಿಗೆ ಅದರಿಂದ ತೊಂದರೆ ಬಾರದಂತೆ ಗುಟ್ಟು ಕಾಪಾಡಿ.

4. ಹಿಂದಿನ ಸಭೆಯವರನ್ನು, ಕೆಲಸದ ಜಾಗದವರನ್ನು ವಿಚಾರಿಸಿ. ಅಭ್ಯರ್ಥಿ ಕೊಟ್ಟ ಹೆಸರುಗಳನ್ನಷ್ಟೇ ಅಲ್ಲ, ಕೊಡದಿದ್ದ ಒಬ್ಬರನ್ನಾದರೂ ಕೇಳಿ. ಮಕ್ಕಳ ನಡುವೆ ಕೆಲಸ ಮಾಡುವವರಾದರೆ ಕಾನೂನು ಕೇಳುವ ಹಿನ್ನೆಲೆ ತಪಾಸಣೆಯನ್ನು ಬಿಡಬೇಡಿ.

5. ಆರು ತಿಂಗಳಿಂದ ಒಂದು ವರ್ಷ, ಹುದ್ದೆಯ ಹೆಸರಿಲ್ಲದೆ ಕೆಲಸ ಕೊಡಿ. ಯಾರೂ ನೋಡದ ಕೆಲಸವೇ ಆಗಿರಲಿ: ರೋಗಿಗಳ ಭೇಟಿ, ಕುರ್ಚಿ ಹಾಕುವುದು, ಲೆಕ್ಕದ ಪುಸ್ತಕ.

6. ಹೆಸರನ್ನು ಸಭೆಯ ಮುಂದೆ ಪ್ರಕಟಿಸಿ, ಎರಡರಿಂದ ನಾಲ್ಕು ವಾರ ಆಕ್ಷೇಪಣೆಗೆ ಸಮಯ ಕೊಡಿ. ಆಂಗ್ಲಿಕನ್ ದೀಕ್ಷಾವಿಧಿಯಲ್ಲಿ ಬಿಷಪರು ಇಂದಿಗೂ ಜನರ ಕಡೆ ತಿರುಗಿ ಅವರ ಅಭಿಪ್ರಾಯ ಕೇಳುವುದು ಇದೇ ಕಾರಣಕ್ಕೆ.

ಇದು ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ‘ಜಾಗ ಖಾಲಿ ಇದೆ, ಹಬ್ಬದೊಳಗೆ ತುಂಬಬೇಕು’ ಎಂಬ ಅವಸರ. ದೊಡ್ಡ ಕಾಣಿಕೆ ಕೊಡುವವರ ಹೆಸರು ಬಂದಾಗ ಎಲ್ಲರೂ ಮೌನವಾಗುವುದು. ಎಲ್ಲರ ಎದುರು ‘ಯಾರಿಗಾದರೂ ಆಕ್ಷೇಪಣೆ ಇದೆಯೇ?’ ಎಂದು ಕೇಳಿ, ಯಾರೂ ಬಾಯಿ ಬಿಡದಿದ್ದುದನ್ನು ಒಪ್ಪಿಗೆ ಎಂದುಕೊಳ್ಳುವುದು. ಅವಸರದಿಂದ ಹಸ್ತವಿಡಬೇಡ, ಇಟ್ಟರೆ ಅವರ ಪಾಪದಲ್ಲಿ ಪಾಲುಗಾರನಾಗುತ್ತೀ ಎಂಬ ಭಾವ 1 ತಿಮೊಥೆಯ 5:22ರಲ್ಲಿದೆ. ನೇಮಿಸಿದವರಿಗೂ ಪಾಲಿದೆ ಎಂಬುದನ್ನು ಸಮಿತಿ ಪ್ರಾರ್ಥನೆಯಲ್ಲಿ ನೆನೆಯಬೇಕು.

ದೊಡ್ಡ ವರಗಳಿವೆ (ದೇವರು ಕೊಟ್ಟ ಸಾಮರ್ಥ್ಯಗಳು), ಗುಣದಲ್ಲಿ ಕೊರತೆಯಿದೆ. ಏನು ಮಾಡುವುದು?

ಹುದ್ದೆ ಕೊಡಬೇಡಿ. ಕೊರಿಂಥದ ಸಭೆಗೆ ಯಾವ ವರಕ್ಕೂ ಕೊರತೆ ಇರಲಿಲ್ಲ (1 ಕೊರಿಂಥ 1:7), ಒಳಜಗಳಕ್ಕೂ ಕೊರತೆ ಇರಲಿಲ್ಲ. ವರ ಒಂದೇ ದಿನದಲ್ಲಿ ಬರಬಹುದು, ಗುಣ ಬೆಳೆಯಲು ಕಾಲ ಬೇಕು. ಆ ವ್ಯಕ್ತಿಗೆ ಬೇರೆ ಸೇವೆ ಕೊಟ್ಟು, ಯಾವ ಗುಣ ಬೆಳೆಯಬೇಕು ಎಂಬುದನ್ನು ಮುಖ ನೋಡಿ ಹೇಳಿ. ಹೇಳದೆ ದೂರವಿಡುವುದು ಅವರಿಗೆ ಅನ್ಯಾಯ.

ಹುದ್ದೆಯನ್ನು ಬಯಸುವುದೇ ತಪ್ಪೇ?

ಇಲ್ಲ. ಅದು ಒಳ್ಳೆಯ ಕೆಲಸ, ಬಯಸಬಹುದು ಎಂದೇ 1 ತಿಮೊಥೆಯ 3:1 ಶುರುವಾಗುತ್ತದೆ. ಅಲ್ಲಿರುವ ಪದ ‘ಕೆಲಸ’ ಎಂಬುದನ್ನು ಗಮನಿಸಿ. ಹುದ್ದೆ ಸಿಗದಿದ್ದರೂ ಅದೇ ಕೆಲಸವನ್ನು ಮಾಡುತ್ತಿರುವವರ ಬಯಕೆಯನ್ನು ನಂಬಬಹುದು.

ಹಿರಿಯರ ಮೇಲೆ ದೂರು ಬಂದರೆ?

1 ತಿಮೊಥೆಯ 5:19–21ರಲ್ಲಿ ಎರಡು ಕಾವಲುಗಳಿವೆ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ದೂರನ್ನು ಅಂಗೀಕರಿಸಬಾರದು, ಇದು ನಾಯಕನಿಗೆ ರಕ್ಷಣೆ. ಪಾಪದಲ್ಲಿ ಮುಂದುವರಿಯುವವರನ್ನು ಎಲ್ಲರ ಮುಂದೆ ಗದರಿಸಬೇಕು, ಪಕ್ಷಪಾತ ಕೂಡದು, ಇದು ಸಭೆಗೆ ರಕ್ಷಣೆ. ಮೊದಲನೆಯದನ್ನಷ್ಟೇ ಓದಿ ದೂರನ್ನು ಮುಚ್ಚಿಹಾಕುವುದು ಬಹಳ ಕಡೆ ನಡೆಯುತ್ತದೆ. ಸಾಕ್ಷಿ ಎಂದರೆ ಕಣ್ಣಾರೆ ಕಂಡವರೇ ಆಗಬೇಕಿಲ್ಲ. ಸಂದೇಶಗಳು, ಲೆಕ್ಕಪತ್ರ, ಒಬ್ಬರನ್ನೊಬ್ಬರು ಅರಿಯದ ಇಬ್ಬರು ಹೇಳುವ ಒಂದೇ ತೆರನಾದ ಮಾತು, ಇವೂ ಆಧಾರವೇ. ದೂರು ಬರೆದುಕೊಳ್ಳಿ, ದಿನಾಂಕ ಹಾಕಿ, ಆರೋಪಿತರಿಗೆ ಸಂಬಂಧವಿಲ್ಲದವರಿಂದ ವಿಚಾರಣೆ ಮಾಡಿಸಿ, ಅಷ್ಟರವರೆಗೆ ಅವರನ್ನು ಸೇವೆಯಿಂದ ಬದಿಗಿರಿಸಿ.

ಅಪರಾಧದ ದೂರಾದರೆ, ಅದರಲ್ಲೂ ಮಗುವಿನ ಮೇಲಿನ ದೌರ್ಜನ್ಯವಾದರೆ, ಸಾಕ್ಷಿಗಳನ್ನು ಎಣಿಸುತ್ತಾ ಕೂರಬೇಡಿ. ಆ ದಿನವೇ ಪೊಲೀಸರಿಗೆ ತಿಳಿಸಿ. ಸಭೆಯೊಳಗೆ ವಿಚಾರಿಸಿ ಆಮೇಲೆ ತಿಳಿಸೋಣ ಎಂದರೆ ಸಾಕ್ಷ್ಯ ಹಾಳಾಗುತ್ತದೆ, ಮಗುವಿಗೆ ಇನ್ನಷ್ಟು ಅಪಾಯವಾಗುತ್ತದೆ.

ಬಿದ್ದ ನಾಯಕನನ್ನು ಮತ್ತೆ ನೇಮಿಸಬಹುದೇ?

ಕ್ಷಮೆ ಬೇರೆ, ಹುದ್ದೆ ಬೇರೆ. ಪಶ್ಚಾತ್ತಾಪಪಟ್ಟವನನ್ನು ಸಭೆ ಕ್ಷಮಿಸಲೇಬೇಕು, ಸಹೋದರನಾಗಿ ಸೇರಿಸಿಕೊಳ್ಳಲೇಬೇಕು. ಹುದ್ದೆ ಕೇಳುವುದು ವಿಶ್ವಾಸವನ್ನು, ಅದು ಕಾಲ ಹಿಡಿದು ಮತ್ತೆ ಗಳಿಸಬೇಕಾದದ್ದು. ಪೇತ್ರ ಮೂರು ಸಾರಿ ಅಲ್ಲಗಳೆದರೂ ಯೇಸು ಅವನಿಗೆ ಕುರಿಗಳನ್ನು ಒಪ್ಪಿಸಿದ (ಯೋಹಾನ 21). ಪಂಫುಲ್ಯದಲ್ಲಿ ಬಿಟ್ಟುಹೋದನೆಂದು ಪೌಲ ಬೇಡವೆಂದಿದ್ದ ಮಾರ್ಕ, ಕಡೆಗೆ ಅದೇ ಪೌಲನ ಕಣ್ಣಿನಲ್ಲಿ ಸೇವೆಗೆ ಉಪಯುಕ್ತನಾದ (ಅ.ಕೃ. 15:38, 2 ತಿಮೊಥೆಯ 4:11). ಅವರದು ಭಯ, ದುರ್ಬಲತೆ. ಅಧಿಕಾರವನ್ನು ಬಳಸಿ ಇತರರನ್ನು ಹಾಳುಮಾಡಿದ್ದಕ್ಕೆ ಈ ಉದಾಹರಣೆಗಳನ್ನು ಎಳೆದು ತರಬಾರದು. ಮರಳಿ ನೇಮಿಸುವ ಮಾತು ಬಂದಾಗ ಮೊದಲು ಕೇಳಬೇಕಾದದ್ದು ಬಿದ್ದವನನ್ನಲ್ಲ, ಅವನಿಂದ ಗಾಯಗೊಂಡವರನ್ನು.

ಎಲ್ಲ ಗುಣಗಳೂ ಇರುವವರು ನಮ್ಮಲ್ಲಿ ಯಾರೂ ಇಲ್ಲ. ಆಗ?

ಹೆಚ್ಚಿನ ಸಭೆಗಳು ಇದನ್ನು ಕೇಳುತ್ತವೆ. ಎರಡು ಬಗೆಯ ಕೊರತೆಯನ್ನು ಬೇರೆ ಮಾಡಿ ನೋಡಿ. ಬೆಳೆಯುತ್ತಿರುವ ಗುಣ ಒಂದು: ಇನ್ನೂ ಸಂಕೋಚ ಬಿಟ್ಟು ಅಪರಿಚಿತರೊಂದಿಗೆ ಬೆರೆಯಲಾರದವರು, ಬೋಧನೆಯಲ್ಲಿ ತಡವರಿಸುವವರು. ಇವರಿಗೆ ಜೊತೆ ಕೊಟ್ಟರೆ ಬೆಳೆಯುತ್ತಾರೆ. ಎದುರು ನಿಂತ ದೋಷ ಇನ್ನೊಂದು: ಹಣದಲ್ಲಿ ಮೋಸ, ಮನೆಯಲ್ಲಿ ಹಿಂಸೆ, ದಾಂಪತ್ಯದಲ್ಲಿ ದ್ರೋಹ, ಚಟ. ಇವುಗಳಲ್ಲಿ ಒಂದಿದ್ದರೂ ಬೇರೆ ಹತ್ತು ಒಳ್ಳೆಯ ಗುಣಗಳು ಅದನ್ನು ಸರಿದೂಗಿಸುವುದಿಲ್ಲ. ತಕ್ಕವರು ಇಲ್ಲದಿದ್ದರೆ ಜಾಗ ಖಾಲಿ ಇರಲಿ. ಅಷ್ಟರವರೆಗೆ ಹತ್ತಿರದ ಸಭೆಯ ಹಿರಿಯರಿಂದ ಮೇಲ್ವಿಚಾರಣೆ ಕೇಳಿಕೊಳ್ಳಿ, ಇಬ್ಬರು ಮೂವರನ್ನು ಗುರುತಿಸಿ ವಾರಕ್ಕೊಮ್ಮೆ ಅವರೊಂದಿಗೆ ಕೂತು ವಾಕ್ಯ ಓದಿ, ಭೇಟಿಗಳಿಗೆ ಜೊತೆಯಲ್ಲಿ ಕರೆದೊಯ್ಯಿರಿ. ಒಂದು ವರ್ಷದ ನಂತರ ಪಟ್ಟಿಯನ್ನು ಮತ್ತೆ ಅವರ ಮುಂದಿಡಿ, ಮನೆಯವರನ್ನೂ ಮತ್ತೆ ಕೇಳಿ.